ಲೂಸಿಡ್ ಡ್ರೀಮಿಂಗ್, ಆಸ್ಟ್ರಲ್ ಪ್ರೊಜೆಕ್ಷನ್: ನಿಜಾನಾ? ಮಾಡಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಜಾಸ್ತಿ. ಒಂದು ನಿಜ ಅಂತ ಗೊತ್ತಾದ ಕೂಡಲೇ ಇನ್ನೊಂದೂ ನಿಜ ಅಂದುಕೊಳ್ಳುತ್ತಾರೆ. ಒಂದು ಬುರುಡೆ ಅನಿಸಿದರೆ ಎರಡನ್ನೂ ಸೇರಿಸಿ ತಳ್ಳಿಹಾಕುತ್ತಾರೆ. ಹಾಗಾಗಿ ಮೊದಲು ಎರಡನ್ನೂ ಬಿಡಿಸಿ ನೋಡೋಣ. ಸರಿ-ತಪ್ಪಿನ ಮಾತು ಆಮೇಲೆ.

ಲೂಸಿಡ್ ಡ್ರೀಮ್ ಅಂದರೆ ಏನು?

ಕನಸು ನಡೆಯುತ್ತಿರುವಾಗಲೇ "ಇದು ಕನಸು" ಅಂತ ಗೊತ್ತಾಗುವುದು. ಅಷ್ಟೇ. ತಿರುಕನ ಕನಸಿನ ತಿರುಕ ರಾಜನಾಗಿ ಮೆರೆಯುವಾಗ ತಾನು ಯಾರು ಅನ್ನುವುದನ್ನೇ ಮರೆತಿದ್ದ. ಲೂಸಿಡ್ ಕನಸಿನಲ್ಲಿ ಆ ನೆನಪು ಉಳಿದಿರುತ್ತದೆ: ನಾನು ಹಾಸಿಗೆ ಮೇಲೆ ಮಲಗಿದ್ದೇನೆ, ಈ ಅರಮನೆ ನನ್ನ ತಲೆಯೊಳಗಿನದು.

ಕನಸನ್ನು ಬೇಕಾದ ಹಾಗೆ ತಿರುಗಿಸುವುದು ಬೇರೆ ವಿಷಯ. ಕನಸು ಅಂತ ಗೊತ್ತಾದರೂ ಏನೂ ಬದಲಾಯಿಸಲು ಆಗದೆ ಸುಮ್ನೆ ನೋಡುತ್ತಾ ನಿಲ್ಲುವವರು ಎಷ್ಟೋ ಜನ. ಹಾರಲು ಹೋಗಿ ಎರಡಡಿ ಮೇಲೆದ್ದು ಅಲ್ಲೇ ತೂಗಾಡುವುದು ಇದರಲ್ಲಿ ತೀರಾ ಮಾಮೂಲು.

ಇದು ನಿಜ ಅನ್ನುವುದಕ್ಕೆ ಏನು ಸಾಕ್ಷಿ? ಎದ್ದ ಮೇಲೆ ಯಾರು ಏನು ಬೇಕಾದರೂ ಹೇಳಬಹುದಲ್ಲ?

ಹೇಳಬಹುದು. ಅದಕ್ಕೇ ವಿಜ್ಞಾನಿಗಳು ಬಹಳ ಕಾಲ ಇದನ್ನು ನಂಬಲಿಲ್ಲ. "ಅರೆಕ್ಷಣ ಎಚ್ಚರವಾಗಿರುತ್ತೀರಿ, ಅದನ್ನೇ ಕನಸು ಅಂದುಕೊಳ್ಳುತ್ತೀರಿ" ಅನ್ನುತ್ತಿದ್ದರು. ಆ ಅನುಮಾನ ನ್ಯಾಯವಾದದ್ದೇ.

ಉತ್ತರ ಸಿಕ್ಕಿದ್ದು ಕಣ್ಣಿನಿಂದ. ನಮಗೆ ಕನಸು ಹೆಚ್ಚಾಗಿ ಬೀಳುವುದು ಆರ್‌ಇಎಂ ಅನ್ನುವ ನಿದ್ರೆಯ ಹಂತದಲ್ಲಿ. ಆಗ ಮೆದುಳು ಕೈಕಾಲಿನ ಸ್ನಾಯುಗಳನ್ನು ಹೆಚ್ಚುಕಡಿಮೆ ಪೂರ್ತಿ ಸಡಿಲ ಬಿಟ್ಟಿರುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡಿದವರು ಮಂಚದಿಂದ ಬಿದ್ದಾರು. ಉಸಿರಾಟದ ಸ್ನಾಯು ಮತ್ತು ಕಣ್ಣು ಮಾತ್ರ ಕೆಲಸ ಮಾಡುತ್ತಿರುತ್ತವೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದನ್ನೇ ಬಳಸಿಕೊಂಡರು. ಅಲನ್ ವರ್ಸ್‌ಲಿ ಎಂಬುವವರಿಗೆ ಆಗಾಗ ಲೂಸಿಡ್ ಕನಸು ಬೀಳುತ್ತಿತ್ತು. ಕನಸು ಅಂತ ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಬಲಕ್ಕೆ ಪೂರ್ತಿ ಹೊರಳಿಸಬೇಕು ಅಂತ ಮೊದಲೇ ಮಾತಾಗಿತ್ತು. ಮಲಗಿದ್ದ ಮನುಷ್ಯನ ಕಣ್ಣುಗಳು ಹಾಗೇ ಹೊರಳಿದವು. ಮೆದುಳಿನ ಚಟುವಟಿಕೆ ದಾಖಲಿಸುವ ಯಂತ್ರದ ಗೆರೆಗಳು ಅದೇ ಹೊತ್ತಿಗೆ ಆರ್‌ಇಎಂ ನಿದ್ರೆಯನ್ನೇ ತೋರಿಸುತ್ತಿದ್ದವು. ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದೇ ದಾರಿ ಹಿಡಿದು 1981ರಲ್ಲಿ ಫಲಿತಾಂಶ ಪ್ರಕಟಿಸಿದರು.

2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ನಾಲ್ಕು ತಂಡಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಕನಸಿನಲ್ಲಿದ್ದವರನ್ನೇ ಪ್ರಶ್ನೆ ಕೇಳಿದರು. "ಎಂಟರಲ್ಲಿ ಆರು ಕಳೆದರೆ ಎಷ್ಟು?" ಮಲಗಿದ್ದ ಹುಡುಗ ಕಣ್ಣನ್ನು ಎರಡು ಸಲ ಎಡ-ಬಲ ಹೊರಳಿಸಿದ. ಎರಡು! ಕೆಲವರಿಗೆ ಆ ಪ್ರಶ್ನೆ ಕನಸಿನೊಳಗಿನ ರೇಡಿಯೋದಿಂದ ಬಂದ ಹಾಗೆ ಕೇಳಿಸಿತ್ತಂತೆ. ಪ್ರತಿ ಸಲವೂ ಹೀಗಾಯಿತು ಅಂದುಕೊಳ್ಳಬೇಡಿ. ಒಟ್ಟು 158 ಪ್ರಯತ್ನಗಳಲ್ಲಿ ಸರಿಯುತ್ತರ ಬಂದಿದ್ದು ಸುಮಾರು ಶೇ. 18ರಷ್ಟು. ಶೇ. 60ರಷ್ಟಕ್ಕೆ ಉತ್ತರವೇ ಇಲ್ಲ. ತಪ್ಪು ಉತ್ತರ ಮಾತ್ರ ತೀರಾ ಕಡಿಮೆ, ಸುಮಾರು ಶೇ. 3. ಯದ್ವಾತದ್ವಾ ಕಣ್ಣು ಹೊರಳಿದ್ದರೆ ತಪ್ಪುಗಳೇ ಜಾಸ್ತಿ ಇರಬೇಕಿತ್ತು ಅಲ್ವಾ?

ಹಾಗಾಗಿ ಲೂಸಿಡ್ ಡ್ರೀಮಿಂಗ್ ನಿಜ. ಇದರಲ್ಲಿ ಅಡ್ಡಗೋಡೆ ಮೇಲೆ ದೀಪ ಇಡುವ ಅಗತ್ಯ ಇಲ್ಲ.

ಎಷ್ಟು ಜನಕ್ಕೆ ಹೀಗಾಗುತ್ತದೆ?

ಐವತ್ತು ವರ್ಷಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಸುಮಾರು ಶೇ. 55 ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಆಗಿದೆ. ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಜಾಸ್ತಿ ಆಗುವವರು ಶೇ. 23ರಷ್ಟು. ನಿಮಗೂ ಆಗಿರಬಹುದು, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಹಾಗಾದರೆ ಆಸ್ಟ್ರಲ್ ಪ್ರೊಜೆಕ್ಷನ್?

ಇಲ್ಲಿ ಎರಡು ಮಾತು ಬೆರೆತುಹೋಗಿವೆ. "ನಾನು ನನ್ನ ದೇಹದಿಂದ ಹೊರಗೆ ಬಂದ ಹಾಗಾಯಿತು, ಮೇಲಿಂದ ನನ್ನನ್ನೇ ನೋಡಿದೆ" ಅನ್ನುವುದು ಒಂದು ಅನುಭವ. "ನನ್ನ ಸೂಕ್ಷ್ಮ ಶರೀರ ನಿಜವಾಗಿಯೂ ಹೊರಗೆ ಹೋಗಿ, ಎಲ್ಲೆಲ್ಲೋ ತಿರುಗಾಡಿ ಬಂತು" ಅನ್ನುವುದು ಆ ಅನುಭವಕ್ಕೆ ಕೊಟ್ಟ ವಿವರಣೆ. ಮೊದಲನೆಯದು ನಿಜ. ಎಷ್ಟೋ ಜನಕ್ಕೆ ಆಗುತ್ತದೆ, ಅವರು ಸುಳ್ಳು ಹೇಳುತ್ತಿಲ್ಲ. ಎರಡನೆಯದಕ್ಕೆ ಇವತ್ತಿನವರೆಗೂ ಗಟ್ಟಿ ಪುರಾವೆ ಸಿಕ್ಕಿಲ್ಲ.

"ಆದರೆ ನಾನು ಕಣ್ಣಾರೆ ಕಂಡೆನಲ್ಲ?" ಅನ್ನುತ್ತಾರೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರೇ ಹೇಳಿದ್ದಾರೆ. ಅದರಲ್ಲೂ ಇಲ್ಲಿ ಕಣ್ಣು ಮುಚ್ಚಿತ್ತು!

ಯಾರೂ ಪ್ರಮಾಣಿಸಿ ನೋಡಲಿಲ್ಲವೇ?

ನೋಡಿದ್ದಾರೆ. ಹೆಚ್ಚು ಜನ ಉದಾಹರಣೆ ಕೊಡುವುದು ಅಮೆರಿಕದ ಚಾರ್ಲ್ಸ್ ಟಾರ್ಟ್ 1968ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಒಬ್ಬ ಯುವತಿ ಪ್ರಯೋಗಶಾಲೆಯಲ್ಲಿ ನಾಲ್ಕು ರಾತ್ರಿ ಮಲಗಿದಳು. ಅವಳಿಗೆ ಕಾಣದಷ್ಟು ಎತ್ತರದ ಗೂಡಿನಲ್ಲಿ ಐದಂಕಿಯ ಒಂದು ಸಂಖ್ಯೆ ಇಟ್ಟಿದ್ದರು. ನಾಲ್ಕನೇ ರಾತ್ರಿ ಅವಳು 25132 ಅಂತ ಸರಿಯಾಗಿ ಹೇಳಿದಳು. ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಆ ಗೂಡಿನ ಮೇಲೆ ಗೋಡೆ ಗಡಿಯಾರ ಇತ್ತು. ಅದರ ಗಾಜಿನಲ್ಲಿ ಸಂಖ್ಯೆಯ ಪ್ರತಿಬಿಂಬ ಕಂಡಿರಬಹುದು ಅಂತ ಟಾರ್ಟ್ ಅವರೇ ಒಪ್ಪಿಕೊಂಡರು. ಇನ್ನೂ ಬಿಗಿಯಾದ ಏರ್ಪಾಡಿನಲ್ಲಿ ಇದು ಮತ್ತೆ ಆಗಿ ತೋರಿಸಲಿಲ್ಲ.

ಆಮೇಲಿನ ದೊಡ್ಡ ಪ್ರಯತ್ನ 2014ರಲ್ಲಿ ವರದಿಯಾಯಿತು. ಸ್ಯಾಮ್ ಪಾರ್ನಿಯಾ ಅವರ ತಂಡ ಬ್ರಿಟನ್, ಅಮೆರಿಕ, ಆಸ್ಟ್ರಿಯಾದ 15 ಆಸ್ಪತ್ರೆಗಳಲ್ಲಿ ಹೃದಯ ನಿಂತ 2060 ಪ್ರಕರಣಗಳನ್ನು ಹಿಂಬಾಲಿಸಿತು. ಸೂರಿನ ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ಹಾಗೆ ಶೆಲ್ಫುಗಳ ಮೇಲೆ ಚಿತ್ರಗಳನ್ನಿಟ್ಟಿದ್ದರು. ದೇಹದಿಂದ ಹೊರಬಂದು ಮೇಲೆ ತೇಲುವವರಿಗೆ ಅದು ಕಾಣಬೇಕು. ಆ ಚಿತ್ರ ಕಂಡೆ ಅಂತ ಒಬ್ಬರೂ ಹೇಳಲಿಲ್ಲ. ಒಂದು ಮಾತು ನ್ಯಾಯವಾಗಿ ಸೇರಿಸಬೇಕು: ಬಹುಪಾಲು ಪ್ರಕರಣಗಳು ಶೆಲ್ಫು ಇಲ್ಲದ ಜಾಗದಲ್ಲೇ ನಡೆದವು. ಸುತ್ತ ನಡೆದದ್ದನ್ನು ನೋಡಿದೆ, ಕೇಳಿದೆ ಅಂತ ವಿವರವಾಗಿ ಹೇಳಿದ ಇಬ್ಬರೂ ಅಂಥ ಜಾಗದಲ್ಲೇ ಇದ್ದವರು. ಹಾಗಾಗಿ ಇದು "ಸುಳ್ಳು" ಅಂತ ತೀರ್ಪು ಕೊಟ್ಟ ಪ್ರಯೋಗ ಅಲ್ಲ. "ಇದೆ" ಅನ್ನುವವರಿಗೆ ಸಿಗಬೇಕಿದ್ದ ಸಾಕ್ಷಿ ಸಿಗಲಿಲ್ಲ, ಅಷ್ಟೇ.

ಮತ್ತೆ ಅಷ್ಟು ನಿಜ ಅನಿಸುವುದು ಯಾಕೆ?

"ನಾನು ಈ ದೇಹದೊಳಗೆ ಇದ್ದೇನೆ" ಅನ್ನುವ ಭಾವನೆಯನ್ನು ಮೆದುಳು ಕ್ಷಣಕ್ಷಣವೂ ಕಟ್ಟುತ್ತಿರುತ್ತದೆ. ಕಣ್ಣು, ಚರ್ಮ, ಕಿವಿಯೊಳಗಿನ ಸಮತೋಲನದ ಅಂಗ, ಎಲ್ಲದರ ಸುದ್ದಿ ಸೇರಿ ಆ ಭಾವನೆ. ಸುದ್ದಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಭಾವನೆಯೂ ಜಾಗ ಬದಲಿಸುತ್ತದೆ.

2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಓಲಾಫ್ ಬ್ಲಾಂಕ ಮತ್ತು ಸಂಗಡಿಗರು ಮೂರ್ಛೆರೋಗದ ಚಿಕಿತ್ಸೆಗೆ ಬಂದ ಒಬ್ಬ ಮಹಿಳೆಯ ಮೆದುಳನ್ನು ಪರೀಕ್ಷಿಸುತ್ತಿದ್ದರು. ಬಲಭಾಗದಲ್ಲಿ, ಕಿವಿಗಿಂತ ಸ್ವಲ್ಪ ಮೇಲೆ ಹಿಂದಕ್ಕೆ ಇರುವ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ ಆಕೆ, ಮೇಲಿನಿಂದ ನನ್ನನ್ನೇ ನೋಡುತ್ತಿದ್ದೇನೆ ಅಂದರು. ಕಂಡಿದ್ದು ಕಾಲು ಮತ್ತು ಮುಂಡದ ಕೆಳಭಾಗ ಮಾತ್ರ. ವಿದ್ಯುತ್ ನಿಲ್ಲಿಸಿದರೆ ಅದೂ ನಿಂತಿತು. ಮತ್ತೆ ಕೊಟ್ಟರೆ ಮತ್ತೆ ಬಂತು. ನಿಜವಾಗಿ ಹೊರಗೆ ತೇಲುತ್ತಿರುವ ಆತ್ಮಕ್ಕೆ ಅರ್ಧ ದೇಹ ಮಾತ್ರ ಯಾಕೆ ಕಾಣಬೇಕು?

2007ರಲ್ಲಿ ಹೆನ್ರಿಕ್ ಎರ್ಸನ್ ಎಂಬುವವರು ವಿದ್ಯುತ್ತೂ ಇಲ್ಲದೆ, ನಿದ್ದೆಯೂ ಇಲ್ಲದೆ, ಆರೋಗ್ಯವಂತರಿಗೆ ಇದೇ ಅನುಭವ ತರಿಸಿದರು. ಕಣ್ಣಿಗೆ ಪರದೆಯ ಕನ್ನಡಕ, ಬೆನ್ನ ಹಿಂದೆ ಕ್ಯಾಮೆರಾ. ಕೂತವರಿಗೆ ತಮ್ಮ ಬೆನ್ನೇ ಎದುರಿಗೆ ಕಾಣುತ್ತದೆ. ಎದೆಯನ್ನು ಒಂದು ಕೋಲಿನಿಂದ ತಟ್ಟುತ್ತಾ, ಅದೇ ತಾಳಕ್ಕೆ ಇನ್ನೊಂದು ಕೋಲನ್ನು ಕ್ಯಾಮೆರಾದ ಕೆಳಗೂ ಆಡಿಸಿದರೆ, ಸ್ವಲ್ಪ ಹೊತ್ತಿಗೆ "ನಾನು ಹಿಂದೆ ಕೂತಿದ್ದೇನೆ, ಮುಂದಿರುವುದು ಬೇರೆ ಯಾರೋ" ಅನಿಸತೊಡಗುತ್ತದೆ. ಆಗ ಕ್ಯಾಮೆರಾದ ಕೆಳಗಿನ ಖಾಲಿ ಜಾಗಕ್ಕೆ ಸುತ್ತಿಗೆ ಬೀಸಿದರೆ ಮೈ ಬೆವರುತ್ತದೆ. ಖಾಲಿ ಜಾಗ! ಅಲ್ಲಿ ಯಾರೂ ಇಲ್ಲ ಅಂತ ಅವರಿಗೂ ಗೊತ್ತು.

ಮೈ ನಡುಗುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಅಲುಗಾಡಲು ಆಗುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ಆತ್ಮ ಹೊರಡುವ ಲಕ್ಷಣವೇ?

ಇದು ಸ್ಲೀಪ್ ಪ್ಯಾರಾಲಿಸಿಸ್. ಮನಸ್ಸಿಗೆ ಎಚ್ಚರವಾಗಿದೆ, ಆದರೆ ಸ್ನಾಯುಗಳಿಗೆ ಆರ್‌ಇಎಂ ನಿದ್ರೆ ಹಾಕಿದ ಬೀಗ ಇನ್ನೂ ತೆಗೆದಿಲ್ಲ. ಅರೆಗನಸು ಕೋಣೆಯೊಳಗೇ ನುಸುಳುತ್ತದೆ. ಬಾಗಿಲ ಬಳಿ ಯಾರೋ ನಿಂತ ಹಾಗೆ, ಉಸಿರು ಕಟ್ಟಿಸಿದ ಹಾಗೆ. ಸೆಕೆಂಡುಗಳಲ್ಲೋ ಒಂದೆರಡು ನಿಮಿಷದಲ್ಲೋ ತಾನಾಗಿಯೇ ಬಿಡುತ್ತದೆ. ಜೋರಾಗಿ ಒದ್ದಾಡುವ ಬದಲು ಒಂದು ಬೆರಳನ್ನೋ ನಾಲಿಗೆಯನ್ನೋ ಅಲುಗಿಸಲು ನೋಡಿ. ಅಂಗಾತ ಮಲಗುವವರಿಗೆ, ನಿದ್ದೆಗೆಟ್ಟವರಿಗೆ ಇದು ಜಾಸ್ತಿ. ಆಸ್ಟ್ರಲ್ ಪ್ರೊಜೆಕ್ಷನ್ ಕಲಿಸುವವರು "ಅಂಗಾತ ಮಲಗಿ, ಅಲುಗಾಡಬೇಡಿ, ನಸುಕಿನಲ್ಲಿ ಎದ್ದು ಮತ್ತೆ ಮಲಗಿ" ಅಂತ ಹೇಳಿಕೊಡುವುದು ಹೆಚ್ಚುಕಡಿಮೆ ಇದನ್ನೇ ತರಿಸುವ ವಿಧಾನ.

ಹೊರಗೆ ಹೋದವರಿಗೆ ವಾಪಸ್ ಬರಲು ಆಗದಿದ್ದರೆ? ಆತ್ಮವನ್ನು ದೇಹಕ್ಕೆ ಕಟ್ಟಿರುತ್ತದೆ ಅನ್ನುವ ಬೆಳ್ಳಿ ದಾರ ತುಂಡಾದರೆ?

ಆ ರೀತಿ ಆಗಿ ಯಾರೂ ಸತ್ತ ದಾಖಲೆ ಇಲ್ಲ. ಭಯ ಮಾತ್ರ ಬಹಳ ಹಳೆಯದು. ಮಲಗಿದವನನ್ನು ತಟ್ಟನೆ ಎಬ್ಬಿಸಬಾರದು ಎನ್ನುತ್ತಾರೆ, ಅವನು ಸರಿಯಾಗಿ ಮರಳದಿದ್ದರೆ ಚಿಕಿತ್ಸೆ ಕಷ್ಟ ಅನ್ನುವ ಮಾತು ಬೃಹದಾರಣ್ಯಕ ಉಪನಿಷತ್ತಿನಲ್ಲೇ ಇದೆ. ಅದೇ ಭಾಗದಲ್ಲಿ ಪ್ರಾಣವನ್ನು ಕಾವಲಿಗೆ ಬಿಟ್ಟು ಗೂಡಿನಿಂದ ಹೊರಗೆ ಸುತ್ತಾಡುವ ಹಕ್ಕಿಯ ಚಿತ್ರವೂ ಬರುತ್ತದೆ. ಮಜಾ ಏನೆಂದರೆ, ಅಲ್ಲೇ ಇನ್ನೊಂದು ಮಾತೂ ಇದೆ: ಕನಸಿನಲ್ಲಿ ರಥ ಇಲ್ಲ, ಕುದುರೆ ಇಲ್ಲ, ದಾರಿಯೂ ಇಲ್ಲ, ಅವನ್ನೆಲ್ಲ ಅವನೇ ಸೃಷ್ಟಿಸಿಕೊಳ್ಳುತ್ತಾನೆ. ಎರಡು ಅಭಿಪ್ರಾಯಗಳೂ ಅಕ್ಕಪಕ್ಕ ಕೂತಿವೆ. ಇವತ್ತಿನ ಜಗಳವೂ ಅದೇ.

ಸರಿ, ನೈತಿಕತೆಗೆ ಬನ್ನಿ. ಲೂಸಿಡ್ ಕನಸಿನಲ್ಲಿ ಯಾರನ್ನಾದರೂ ಹೊಡೆದರೆ, ಗುರುತಿನವರ ಜೊತೆ ಕೂಡಿದರೆ, ಅದು ಪಾಪವೇ?

ಸಾಮಾನ್ಯ ಕನಸಿನ ಬಗ್ಗೆ ಧರ್ಮಗಳು ಬಹುತೇಕ ಉದಾರವಾಗಿವೆ. ಬೌದ್ಧ ಭಿಕ್ಷುಗಳ ನಿಯಮದಲ್ಲಿ ಬೇಕೆಂದೇ ವೀರ್ಯ ಸ್ಖಲನ ಮಾಡುವುದು ಗಂಭೀರ ತಪ್ಪು, "ಕನಸಿನಲ್ಲಿ ಹೊರತು" ಅಂತ ನಿಯಮದಲ್ಲೇ ಇದೆ. ಮಲಗಿದವನು ಏಳುವವರೆಗೆ ಅವನ ಲೆಕ್ಕ ಬರೆಯುವ ಲೇಖನಿ ಎತ್ತಿರುತ್ತದೆ ಅನ್ನುತ್ತದೆ ಇಸ್ಲಾಮಿನ ಹದೀಸ್. ಕ್ರೈಸ್ತ ಧರ್ಮಗುರು ಸಂತ ಅಗಸ್ಟೀನ್ ಕ್ರಿ.ಶ. 400ರ ಆಸುಪಾಸಿನಲ್ಲಿ ಇದೇ ಪ್ರಶ್ನೆಗೆ ಒದ್ದಾಡಿದ್ದರು. ನಿದ್ದೆಯಲ್ಲಿ ನಾನು ನಾನಾಗಿರುವುದಿಲ್ಲವೇ ಅಂತ ದೇವರನ್ನೇ ಕೇಳಿದರು. ಎದ್ದ ಮೇಲೆ, ಅದನ್ನು ನಾನು ಮಾಡಿದ್ದಲ್ಲ, ನನ್ನೊಳಗೆ ಹೇಗೋ ಆಯಿತು ಅಂತ ಸಮಾಧಾನ ಮಾಡಿಕೊಂಡರು.

ತೊಡಕು ಇರುವುದು ಇಲ್ಲೇ. ಈ ವಿನಾಯಿತಿಗಳೆಲ್ಲ ನಿಂತಿರುವುದು "ಅವನಿಗೆ ಗೊತ್ತಿರಲಿಲ್ಲ, ಅವನು ಆರಿಸಿಕೊಂಡಿದ್ದಲ್ಲ" ಅನ್ನುವುದರ ಮೇಲೆ. ಲೂಸಿಡ್ ಕನಸಿನಲ್ಲಿ ಗೊತ್ತಿರುತ್ತದೆ, ಆರಿಸಿಕೊಳ್ಳಲೂ ಆಗುತ್ತದೆ. ಹಾಗಾಗಿ "ಕನಸು ತಾನೇ" ಅನ್ನುವ ಹಳೆಯ ನೆಪ ಪೂರ್ತಿ ಸಲ್ಲುವುದಿಲ್ಲ.

ನನ್ನ ಪ್ರಕಾರ ಇದನ್ನು ಎಚ್ಚರದಲ್ಲಿ ಬೇಕೆಂದೇ ಮಾಡುವ ಕಲ್ಪನೆಯ ಪಕ್ಕ ಇಡಬೇಕು, ಕೃತ್ಯದ ಪಕ್ಕ ಅಲ್ಲ. ಕನಸಿನಲ್ಲಿ ಏಟು ತಿಂದವರು ಯಾರೂ ಇಲ್ಲ. ಪೊಲೀಸರಿಗೂ ಕೆಲಸ ಇಲ್ಲ, ಕ್ಷಮೆ ಕೇಳಲೂ ಯಾರಿಲ್ಲ. ಆದರೆ ಒಬ್ಬ ಸಹೋದ್ಯೋಗಿಯನ್ನು ರಾತ್ರಿರಾತ್ರಿ ಬೇಕೆಂದೇ ಕರೆಸಿ ಅವಮಾನಿಸುವವರು, ಬೆಳಗ್ಗೆ ಅವಳ ಎದುರು ಕೂತಾಗ ಅವಳನ್ನು ಯಾವ ಕಣ್ಣಿನಿಂದ ನೋಡುತ್ತಾರೆ? ನಾನಾದರೆ ಕೇಳುವುದು ಅದೊಂದನ್ನೇ. ಒಂದು ಸಲ ಆಗಿದ್ದಕ್ಕೆ ಕೊರಗಬೇಡಿ. ರೂಢಿಯಾಗುತ್ತಿದ್ದರೆ ಯೋಚಿಸಿ. ಅಂದಹಾಗೆ, ಕನಸಿನಲ್ಲೇ ಅರ್ಧಂಬರ್ಧ ಅರಿವು ಇದ್ದು, ತಡೆಯಲು ಆಗದೆ ನಡೆದುಹೋದದ್ದು ನಿಮ್ಮ ಆಯ್ಕೆ ಅಲ್ಲ.

ನಮ್ಮ ಧರ್ಮದಲ್ಲಿ ಇದಕ್ಕೆ ಅನುಮತಿ ಇದೆಯೇ?

ಯಾವ ಧರ್ಮ ಅನ್ನುವುದರ ಮೇಲೆ ಹೋಗುತ್ತದೆ, ಮತ್ತು ಯಾವ ಉದ್ದೇಶಕ್ಕೆ ಅನ್ನುವುದರ ಮೇಲೆ ಇನ್ನೂ ಜಾಸ್ತಿ.

ಟಿಬೆಟಿನ ಬೌದ್ಧರಲ್ಲಿ ಕನಸಿನಲ್ಲಿ ಎಚ್ಚರವಾಗಿರುವುದೇ ಒಂದು ಸಾಧನೆ. ನಾರೋಪ ಎಂಬ ಬೌದ್ಧ ಗುರುವಿನ ಆರು ಯೋಗಗಳಲ್ಲಿ ಸ್ವಪ್ನಯೋಗವೂ ಒಂದು. ಉದ್ದೇಶ ಮೋಜು ಅಲ್ಲ: ಕನಸು ಹೇಗೆ ಮನಸ್ಸಿನ ಆಟವೋ ಎಚ್ಚರದ ಲೋಕವೂ ಹಾಗೇ ಅಂತ ಕಾಣುವುದು. ಪತಂಜಲಿಯ ಯೋಗಸೂತ್ರ ಕನಸು ಮತ್ತು ನಿದ್ದೆಯಿಂದ ಬರುವ ಜ್ಞಾನವನ್ನು ಮನಸ್ಸು ನಿಲ್ಲಿಸಲು ಆಸರೆಯಾಗಿ ಬಳಸಬಹುದು ಅನ್ನುತ್ತದೆ. ಪರಕಾಯ ಪ್ರವೇಶದ ಮಾತೂ ಅದರಲ್ಲಿದೆ. ಆದರೆ ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿ ಅನ್ನುವ ಎಚ್ಚರಿಕೆ ಕೂಡ ಅದೇ ಅಧ್ಯಾಯದಲ್ಲಿದೆ. ಸಿದ್ಧಿಗಳ ಪಟ್ಟಿ ತೋರಿಸಿ ಕರೆಯುವವರು ಈ ಸೂತ್ರವನ್ನು ಯಾಕೋ ಹೇಳುವುದಿಲ್ಲ.

ಕ್ರೈಸ್ತ ಮತ್ತು ಇಸ್ಲಾಂ ಸಂಪ್ರದಾಯಗಳಲ್ಲಿ ಕನಸಿಗೆ ಗೌರವ ಇದೆ, ದೇವರು ಕನಸಿನಲ್ಲಿ ಮಾತಾಡಿದ ಕಥೆಗಳಿವೆ. ಅವುಗಳ ತಕರಾರು ಕಣಿ ಕೇಳುವುದು, ಸತ್ತವರನ್ನು ಕರೆಸುವುದು, ಮಾಟಮಂತ್ರದ ಬಗ್ಗೆ. ಹಾಗಾಗಿ ಕನಸಿನಲ್ಲಿ ಅರಿವು ಬರುವುದಕ್ಕಿಂತ, ಬೇಕೆಂದೇ ಆತ್ಮವನ್ನು ಹೊರಗೆ ಕಳಿಸಿ ಕಾಣದ ಲೋಕದ ಸಂಪರ್ಕ ಮಾಡುತ್ತೇನೆ ಅನ್ನುವುದಕ್ಕೆ ಅಲ್ಲಿ ಆಕ್ಷೇಪ ಬಲವಾಗಿದೆ. ನೀವು ನಂಬುವ ಗುರುಗಳನ್ನೋ ಮೌಲ್ವಿಯನ್ನೋ ಪಾದ್ರಿಯನ್ನೋ ಕೇಳುವುದಿದ್ದರೆ, ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಆಸ್ಟ್ರಲ್ ಆಗಿ ಹೋಗಿ ಬೇರೆಯವರ ಮನೆಯೊಳಗೆ ನೋಡಬಹುದೇ?

ನಿಜವಾಗಿ ಹೋಗಲು ಆಗುತ್ತದೆ ಅಂತಲೇ ಇಟ್ಟುಕೊಳ್ಳಿ. ಆಗ ಅದು ಕಿಟಕಿಯಲ್ಲಿ ಇಣುಕಿದಷ್ಟೇ ತಪ್ಪು. ಬಾಗಿಲು ತೆಗೆಯಲಿಲ್ಲ ಅನ್ನುವುದರಿಂದ ಏನೂ ಕಡಿಮೆಯಾಗುವುದಿಲ್ಲ. ಹೋಗಲು ಆಗುವುದಿಲ್ಲ ಅಂತ ಇಟ್ಟುಕೊಳ್ಳಿ. ಆಗ ನೋಡಿದ್ದು ನಿಮ್ಮದೇ ಕನಸು, ಆದರೆ ಎದ್ದ ಮೇಲೆ "ನಿನ್ನ ಗಂಡ ಯಾರ ಜೊತೆಗಿದ್ದ ಅಂತ ನಾನು ನೋಡಿದೆ" ಅಂದರೆ ಒಂದು ಸಂಸಾರ ಹಾಳಾಗುತ್ತದೆ.

ಈ ಇಡೀ ವಿಷಯದಲ್ಲಿ ನನಗೆ ನಿಜವಾದ ಅಪಾಯ ಕಾಣುವುದು ಇಲ್ಲಿಯೇ. ರಾತ್ರಿ ಕಂಡಿದ್ದು ಬೆಳಗ್ಗೆ ಸಾಕ್ಷಿಯಾಗಿಬಿಡುವುದು. ಕಳ್ಳ ಯಾರು, ಮಾಟ ಮಾಡಿಸಿದ್ದು ಯಾರು, ಕಾಯಿಲೆ ಯಾವುದು, ಯಾವ ಔಷಧ ಬಿಡಬೇಕು ಅಂತ ದೇಹ ಬಿಟ್ಟು ತಿಳಿದುಬಂದೆ ಅನ್ನುವವರನ್ನು ನಂಬಬೇಡಿ. ಅವರು ಪ್ರಾಮಾಣಿಕರೇ ಆಗಿರಬಹುದು. ಆದರೂ ನಂಬಬೇಡಿ.

ತೀರಿಕೊಂಡ ಅಪ್ಪನನ್ನು ಲೂಸಿಡ್ ಕನಸಿನಲ್ಲಿ ಕರೆಸಿ ಮಾತಾಡಬಹುದೇ?

ಬಹಳ ಜನ ಇದಕ್ಕೋಸ್ಕರವೇ ಕಲಿಯಲು ಬರುತ್ತಾರೆ. ಮಾತಾಡಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಹೇಳದೆ ಉಳಿದ ಮಾತು ಹೇಳಿ ಹಗುರಾಗುವುದುಂಟು. ಅಲ್ಲಿ ಮಾತಾಡುವ ಅಪ್ಪ ನಿಮ್ಮ ನೆನಪಿನಿಂದ ಎದ್ದುಬಂದ ಅಪ್ಪ. ನಿಮಗೆ ಗೊತ್ತಿಲ್ಲದ್ದು ಅವರಿಗೂ ಗೊತ್ತಿರುವುದಿಲ್ಲ ಅಂದುಕೊಂಡೇ ಮಾತಾಡಿ. ಆಸ್ತಿ ಪತ್ರ ಎಲ್ಲಿದೆ, ಈ ಸಂಬಂಧ ಮಾಡಲೇ ಅಂತ ಕೇಳಬೇಡಿ. ಅವರು ಬೈದರೆ ಅದನ್ನು ಶಾಪ ಅಂತ ಹೊತ್ತುಕೊಂಡು ಏಳಲೂ ಬೇಡಿ. ದುಃಖ ಇನ್ನೂ ಹಸಿಯಾಗಿದ್ದರೆ ಸ್ವಲ್ಪ ಕಾಲ ಬಿಡಿ. ಎದ್ದ ಕೂಡಲೇ ಮತ್ತೊಮ್ಮೆ ಕಳೆದುಕೊಂಡ ಹಾಗಾಗುತ್ತದೆ.

ಕನಸಿನಲ್ಲೇ "ನಾನು ದೇಹದಲ್ಲಿಲ್ಲ" ಅಂತ ಸ್ಪಷ್ಟವಾಗಿ ಗೊತ್ತಾಯಿತು. ಅದು ಆತ್ಮಕ್ಕೆ ಸಾಕ್ಷಿ ಅಲ್ಲವೇ?

ಇದನ್ನು 1600 ವರ್ಷದ ಹಿಂದೆಯೇ ಒಬ್ಬರು ವಾದಿಸಿದ್ದಾರೆ, ಮತ್ತದೇ ಅಗಸ್ಟೀನ್. 415ರಲ್ಲಿ ಬರೆದ ಒಂದು ಪತ್ರದಲ್ಲಿ ಗೆನ್ನಾಡಿಯಸ್ ಎಂಬ ವೈದ್ಯನ ಕನಸು ಬರುತ್ತದೆ. ಸತ್ತ ಮೇಲೆ ಬದುಕು ಇದೆಯೇ ಅಂತ ಅನುಮಾನವಿದ್ದವನು ಅವನು. ಕನಸಿನ ಯುವಕನೊಬ್ಬ ಕೇಳುತ್ತಾನೆ: ನಿನ್ನ ದೇಹ ಎಲ್ಲಿದೆ? ಹಾಸಿಗೆಯಲ್ಲಿ. ಕಣ್ಣು? ಮುಚ್ಚಿವೆ. ಹಾಗಾದರೆ ನನ್ನನ್ನು ಯಾವ ಕಣ್ಣಿಂದ ನೋಡುತ್ತಿದ್ದೀಯ? ಗೆನ್ನಾಡಿಯಸ್‌ಗೆ ಉತ್ತರ ಹೊಳೆಯಲಿಲ್ಲ. ದೇಹದ ಕಣ್ಣಿಲ್ಲದೆಯೂ ನೋಡುವ ನೀನು ಸತ್ತ ಮೇಲೂ ಇರುತ್ತೀಯ ಅಂದ ಯುವಕ.

ಎಷ್ಟು ಚೆಂದದ ವಾದ! ಆದರೆ ಮುಚ್ಚಿದ ಕಣ್ಣಿನ ಹಿಂದೆ ಮೆದುಳು ಎಚ್ಚೆತ್ತು ಚಿತ್ರ ಬಿಡಿಸುತ್ತಿತ್ತು ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಆರ್‌ಇಎಂ ನಿದ್ರೆ ಪತ್ತೆಯಾಗಿದ್ದೇ 1953ರಲ್ಲಿ. ಆತ್ಮ ಇದೆ ಅಂತ ನಂಬುವವರು ನಂಬಲಿ, ಅದಕ್ಕೆ ಅವರದೇ ಆಧಾರಗಳಿವೆ. ಈ ಕನಸು ಮಾತ್ರ ಆ ಭಾರ ಹೊರುವುದಿಲ್ಲ.

ಕಲಿಯುವುದು ಹೇಗೆ?

ಕನಸಿನ ಡೈರಿ ಇಡಿ, ಎದ್ದ ಕೂಡಲೇ ಬರೆಯಿರಿ. ಹಗಲಲ್ಲಿ ಆಗಾಗ "ಇದು ಕನಸೇ?" ಅಂತ ನಿಜವಾಗಿ ಪರೀಕ್ಷಿಸಿ: ಒಂದು ಸಾಲು ಓದಿ, ಕಣ್ಣು ತಿರುಗಿಸಿ, ಮತ್ತೆ ಓದಿ. ಕನಸಿನಲ್ಲಿ ಅಕ್ಷರ ಬದಲಾಗಿರುವುದೇ ಹೆಚ್ಚು. ಸುಮಾರು ಐದು ಗಂಟೆ ಮಲಗಿ ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು, "ಮುಂದಿನ ಕನಸಿನಲ್ಲಿ ಇದು ಕನಸು ಅಂತ ನೆನಪಿಸಿಕೊಳ್ಳುತ್ತೇನೆ" ಅಂದುಕೊಳ್ಳುತ್ತಾ ಮತ್ತೆ ಮಲಗಿ. ಆರ್‌ಇಎಂ ನಿದ್ರೆ ಜಾಸ್ತಿ ಇರುವುದು ರಾತ್ರಿಯ ಕೊನೆಯ ಪಾಲಿನಲ್ಲಿ. ದಿನಾ ಮಾಡಬೇಡಿ, ನಿದ್ದೆ ಹಾಳಾಗುತ್ತದೆ.

ಮಾತ್ರೆ ಇದೆಯಂತಲ್ಲ?

ಗ್ಯಾಲಂಟಮೀನ್. ಅಲ್ಜೈಮರ್ ರೋಗಿಗಳಿಗೆ ಕೊಡುವ ಔಷಧ. ಲೂಸಿಡ್ ಕನಸು ಹೆಚ್ಚಿಸುತ್ತದೆ ಅಂತ 2018ರ ಒಂದು ಅಧ್ಯಯನ ತೋರಿಸಿದೆ. ವಾಕರಿಕೆ ಬರಬಹುದು, ಹೃದಯ ಬಡಿತ ನಿಧಾನವಾಗಬಹುದು. ಒಂದು ಕನಸಿಗಾಗಿ ವೈದ್ಯರನ್ನು ಕೇಳದೆ ಇದನ್ನು ನುಂಗುವುದು ಹುಚ್ಚುತನ.

ಹಣ ಕೊಟ್ಟು ಆಸ್ಟ್ರಲ್ ಕೋರ್ಸ್ ಸೇರಬಹುದೇ?

ಒಂದು ಪ್ರಶ್ನೆ ಕೇಳಿ ನೋಡಿ: "ಪಕ್ಕದ ಕೋಣೆಯಲ್ಲಿ ಐದಂಕಿಯ ಸಂಖ್ಯೆ ಬರೆದಿಡುತ್ತೇನೆ, ಓದಿ ಬರುತ್ತೀರಾ?" ನಂಬಿಕೆ ಇಲ್ಲದವರ ಎದುರು ಶಕ್ತಿ ಕೆಲಸ ಮಾಡುವುದಿಲ್ಲ ಅಂದರೆ ಹಣ ಜೇಬಿನಲ್ಲೇ ಇರಲಿ.

ಯಾರು ಇದರಿಂದ ದೂರ ಇರಬೇಕು?

ಇಲ್ಲದ ದನಿ ಕೇಳಿಸುವುದು, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಅನಿಸುವುದು, ತನ್ನಿಂದ ತಾನೇ ಬೇರೆಯಾದ ಹಾಗೆ ಆಗಾಗ ಅನಿಸುವುದು ಇವೆಲ್ಲ ಇರುವವರು. ಕನಸು-ಎಚ್ಚರದ ನಡುವಿನ ಗೆರೆಯನ್ನು ಅವರು ಇನ್ನೂ ತೆಳುವಾಗಿಸಿಕೊಳ್ಳಬಾರದು. ಹಗಲು ಹೊತ್ತಿನಲ್ಲೂ "ಇದು ಕನಸಿರಬಹುದು" ಅನ್ನುವ ಅನುಮಾನ ಬಿಡದಿದ್ದರೆ ಅಭ್ಯಾಸ ನಿಲ್ಲಿಸಿ, ಮನೋವೈದ್ಯರನ್ನು ನೋಡಿ. ಸ್ಲೀಪ್ ಪ್ಯಾರಾಲಿಸಿಸ್ ಪದೇ ಪದೇ ಆಗುತ್ತಿದ್ದು, ಜೊತೆಗೆ ಹಗಲಲ್ಲಿ ತಡೆಯಲಾಗದ ನಿದ್ದೆ ಅಥವಾ ನಕ್ಕಾಗ ಮೊಣಕಾಲು ಕುಸಿಯುವುದು ಇದ್ದರೆ ಅದು ನಾರ್ಕೊಲೆಪ್ಸಿ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.